ಅಮೆರಿಕದ ಸಂವಿಧಾನ ಓದಲು ಮೂರು ಪ್ರಶ್ನೆ

ಅಧ್ಯಕ್ಷರು ಒಂದು ಆದೇಶ ಹೊರಡಿಸುತ್ತಾರೆ, ವಾರ ಕಳೆಯುವುದರೊಳಗೆ ಯಾವುದೋ ಊರಿನ ಜಿಲ್ಲಾ ನ್ಯಾಯಾಧೀಶರೊಬ್ಬರು ಅದನ್ನು ತಡೆಹಿಡಿಯುತ್ತಾರೆ. ಒಂದು ರಾಜ್ಯದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ, ಪಕ್ಕದ ರಾಜ್ಯದಲ್ಲಿ ಅದಕ್ಕೆ ಜೈಲು. ಜಗತ್ತಿನ ಅತ್ಯಂತ ಶ್ರೀಮಂತ ಸರ್ಕಾರ ಬಜೆಟ್ ಪಾಸಾಗಲಿಲ್ಲ ಎಂದು ವಾರಗಟ್ಟಲೆ ಕಚೇರಿಗಳ ಬಾಗಿಲು ಹಾಕುತ್ತದೆ. ದೂರದಿಂದ ನೋಡುವವರಿಗೆ ಇವೆಲ್ಲ ಬಿಡಿಬಿಡಿ ವಿಚಿತ್ರಗಳಂತೆ ಕಾಣುತ್ತವೆ. ಬೇರು ಮಾತ್ರ ಒಂದೇ: 1787ರಲ್ಲಿ ಬರೆದ, ಏಳೇ ವಿಧಿಗಳ, ಸುಮಾರು 4,400 ಪದಗಳ ಒಂದು ದಾಖಲೆ ಮತ್ತು ಆಮೇಲೆ ಅದಕ್ಕೆ ಸೇರಿದ 27 ತಿದ್ದುಪಡಿಗಳು.

ಭಾರತದ ಸಂವಿಧಾನ ಜಾರಿಗೆ ಬಂದಾಗಲೇ ಅದರಲ್ಲಿ 395 ವಿಧಿಗಳಿದ್ದವು, 8 ಅನುಸೂಚಿಗಳಿದ್ದವು. ಕೇಂದ್ರಕ್ಕೆ ಯಾವ ವಿಷಯ, ರಾಜ್ಯಕ್ಕೆ ಯಾವುದು, ಇಬ್ಬರಿಗೂ ಸೇರಿದ್ದು ಯಾವುದು ಎಂದು ಪಟ್ಟಿ ಹಾಕಿಯೇ ಕೊಟ್ಟಿದ್ದರು. ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧು ಎಂದು 13ನೇ ವಿಧಿ ನೇರವಾಗಿ ಹೇಳುತ್ತದೆ. ಅಮೆರಿಕದ ದಾಖಲೆಯಲ್ಲಿ ಇಂಥ ದೊಡ್ಡ ಸಂಗತಿಗಳೇ ಇಲ್ಲ. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಿದ ಕಾನೂನನ್ನು ಕೋರ್ಟು ರದ್ದು ಮಾಡಬಹುದು ಎಂದು ಎಲ್ಲಿಯೂ ಬರೆದಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಎಷ್ಟು ನ್ಯಾಯಮೂರ್ತಿಗಳಿರಬೇಕು ಎಂಬುದೂ ಇಲ್ಲ. ಈಗಿರುವ 9 ಎಂಬ ಸಂಖ್ಯೆ 1869ರ ಒಂದು ಸಾಮಾನ್ಯ ಕಾನೂನಿನಿಂದ ಬಂದದ್ದು. ಆದ್ದರಿಂದ ಮೂಲ ಪಠ್ಯವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಿದರೂ ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಪ್ರಶ್ನೆ ಕೇಳುವ ಕ್ರಮ ಗೊತ್ತಿರಬೇಕು.

ಆ ಪ್ರಶ್ನೆಗಳು ಮೂರು. ಈ ಕೆಲಸ ಮಾಡಲು ಫೆಡರಲ್ ಸರ್ಕಾರಕ್ಕೆ, ಅಂದರೆ ವಾಷಿಂಗ್ಟನ್ನಿನ ಕೇಂದ್ರಕ್ಕೆ, ಅಧಿಕಾರ ಎಲ್ಲಿಂದ ಬಂತು? ಅಧಿಕಾರ ಇದೆ ಎಂದಾದರೆ, ಕೇಂದ್ರದೊಳಗೆ ಅದನ್ನು ಚಲಾಯಿಸಬೇಕಾದವರು ಯಾರು? ಸರಿಯಾದವರೇ ಚಲಾಯಿಸಿದ್ದರೆ, ಅದು ಯಾರದಾದರೂ ಹಕ್ಕನ್ನು ಮುರಿಯಿತೇ? ನಾವು ಸಾಮಾನ್ಯವಾಗಿ ಮೂರನೆಯದಕ್ಕೇ ಹಾರುತ್ತೇವೆ. ಆದರೆ ಅಮೆರಿಕದ ಬಹಳಷ್ಟು ದೊಡ್ಡ ಮೊಕದ್ದಮೆಗಳು ಮೊದಲ ಎರಡರಲ್ಲೇ ತೀರ್ಮಾನವಾಗಿವೆ.

ಕೈಕಟ್ಟಿದ್ದ ಮೊದಲ ಸರ್ಕಾರ

ಈಗಿರುವುದು ಅಮೆರಿಕದ ಎರಡನೇ ಸಂವಿಧಾನ. ಮೊದಲನೆಯದು 1781ರಲ್ಲಿ ಜಾರಿಗೆ ಬಂದ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’. ಬ್ರಿಟಿಷ್ ದೊರೆಯನ್ನು ಕಳೆದುಕೊಳ್ಳಲು ಹೋರಾಡುತ್ತಿದ್ದ 13 ರಾಜ್ಯಗಳಿಗೆ ತಲೆಯ ಮೇಲೆ ಇನ್ನೊಂದು ಬಲಿಷ್ಠ ಕೇಂದ್ರ ಬೇಕಿರಲಿಲ್ಲ. ಹಾಗಾಗಿ ಅಧ್ಯಕ್ಷರಿಲ್ಲ, ಸುಪ್ರೀಂ ಕೋರ್ಟಿಲ್ಲ. ಒಂದೇ ಸದನ, ಒಂದು ರಾಜ್ಯಕ್ಕೆ ಒಂದು ಮತ. ಯುದ್ಧ, ಸಾಲ, ಒಪ್ಪಂದದಂಥ ನಿರ್ಧಾರಕ್ಕೆ 9 ರಾಜ್ಯಗಳು ಒಪ್ಪಬೇಕು. ಆ ದಾಖಲೆಯನ್ನೇ ತಿದ್ದಬೇಕೆಂದರೆ 13ಕ್ಕೆ 13 ರಾಜ್ಯಗಳೂ ಒಪ್ಪಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ‘ಇಷ್ಟು ಕೊಡಿ’ ಎಂದು ರಾಜ್ಯಗಳನ್ನು ಕೇಳಬಹುದಿತ್ತು, ಅಷ್ಟೇ. ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ಶೇ 5ರಷ್ಟು ಸುಂಕ ಹಾಕುವ ಪ್ರಸ್ತಾವ ಬಂದಾಗ, ಪುಟ್ಟ ರೋಡ್ ಐಲ್ಯಾಂಡ್ 1782ರಲ್ಲಿ ಒಪ್ಪುವುದಿಲ್ಲ ಎಂದಿತು. ಪ್ರಸ್ತಾವ ಅಲ್ಲಿಗೇ ಬಿತ್ತು.

1786ರಲ್ಲಿ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದ ರೈತರು, ಸಾಲ ಮತ್ತು ತೆರಿಗೆಯ ಹೊರೆ ತಾಳಲಾರದೆ, ಜಪ್ತಿ ಆದೇಶ ಹೊರಡಿಸುತ್ತಿದ್ದ ಕೋರ್ಟುಗಳನ್ನು ನಡೆಯಲು ಬಿಡದೆ ಬಂಡೆದ್ದರು. ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದ ಡೇನಿಯಲ್ ಶೇಸ್‌ನ ಹೆಸರು ಆ ಬಂಡಾಯಕ್ಕೆ ಅಂಟಿಕೊಂಡಿತು. ಅದನ್ನು ಅಡಗಿಸಲು ಕೇಂದ್ರದ ಬಳಿ ದುಡ್ಡೂ ಇರಲಿಲ್ಲ, ಸೇನೆಯೂ ಇರಲಿಲ್ಲ. ಬಾಸ್ಟನ್ನಿನ ಸಿರಿವಂತರು ಹಣ ಕೂಡಿಸಿ ರಾಜ್ಯದ ಪಡೆ ಕಳಿಸಬೇಕಾಯಿತು. ಮರುವರ್ಷ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಮುಚ್ಚಿದ ಬಾಗಿಲ ಹಿಂದೆ ಈಗಿನ ಸಂವಿಧಾನ ರೂಪಿಸಿದ ಸಭೆ ನಡೆಯಿತು. ಬಂದವರು 55 ಜನ, ಕೊನೆಗೆ ಸಹಿ ಹಾಕಿದವರು 39. ರೋಡ್ ಐಲ್ಯಾಂಡ್ ಯಾರನ್ನೂ ಕಳಿಸಲಿಲ್ಲ.

ಆ ಸಭೆಯ ಒಪ್ಪಂದಗಳಲ್ಲಿ ಎರಡನ್ನು ಮರೆಯುವಂತಿಲ್ಲ. ಒಂದು, ಜನಸಂಖ್ಯೆಗೆ ತಕ್ಕ ಪ್ರತಿನಿಧಿ ಸಭೆ ಮತ್ತು ಪ್ರತಿ ರಾಜ್ಯಕ್ಕೂ ಇಬ್ಬರಂತೆ ಸೆನೆಟ್. ಇವತ್ತು ಸುಮಾರು 4 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ 6 ಲಕ್ಷಕ್ಕಿಂತ ಕಡಿಮೆ ಜನರ ವಯೋಮಿಂಗ್‌ಗೂ ತಲಾ ಇಬ್ಬರೇ ಸೆನೆಟರುಗಳು. ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಹಂಚಿದ 538 ಮತಗಳ ಲೆಕ್ಕವೂ ಇದರ ಮೇಲೆಯೇ ನಿಂತಿದೆ: ಪ್ರತಿನಿಧಿಗಳು 435, ಸೆನೆಟರುಗಳು 100, ರಾಜಧಾನಿಗೆ 3. ಗೆಲ್ಲಲು 270 ಬೇಕು. ದೇಶದಾದ್ಯಂತ ಹೆಚ್ಚು ಜನರ ಮತ ಪಡೆದವರೇ ಸೋಲುವುದು 2000ದಲ್ಲೂ 2016ರಲ್ಲೂ ಆದದ್ದು ಇದರಿಂದ.

ಎರಡನೆಯ ಒಪ್ಪಂದ ಗುಲಾಮಗಿರಿಯದು, ಇದನ್ನು ಮೃದುವಾಗಿ ಹೇಳಬಾರದು. ಗುಲಾಮರಿಗೆ ಮತವಿಲ್ಲ, ಆದರೆ ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸ್ಥಾನ ಸಿಗಲೆಂದು ಐದು ಗುಲಾಮರನ್ನು ಮೂವರೆಂದು ಎಣಿಸುವ ಲೆಕ್ಕ. 1808ರವರೆಗೆ ಗುಲಾಮರ ಆಮದನ್ನು ನಿಷೇಧಿಸುವಂತಿಲ್ಲ. ತಪ್ಪಿಸಿಕೊಂಡು ಬೇರೆ ರಾಜ್ಯಕ್ಕೆ ಓಡಿದವರನ್ನು ಹಿಡಿದು ಒಪ್ಪಿಸಬೇಕು. ಇದನ್ನು ಅಳಿಸಲು ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಅಂತರ್ಯುದ್ಧವೇ ನಡೆಯಬೇಕಾಯಿತು. ಅದರ ಬೆನ್ನಿಗೇ ಬಂದ 13, 14 ಮತ್ತು 15ನೇ ತಿದ್ದುಪಡಿಗಳನ್ನು (1865, 1868, 1870) ದೇಶವನ್ನು ಮರುಸ್ಥಾಪಿಸಿದ ತಿದ್ದುಪಡಿಗಳೆಂದೇ ಓದಬೇಕು.

ಮೊದಲ ಪ್ರಶ್ನೆ: ಕೇಂದ್ರಕ್ಕೆ ಅಧಿಕಾರ ಎಲ್ಲಿದೆ?

ಭಾರತದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಕೇಂದ್ರಕ್ಕೆ ಸೇರುತ್ತದೆ. ಅಮೆರಿಕದಲ್ಲಿ ತಿರುವುಮುರುವು: ಕೊಟ್ಟದ್ದಷ್ಟೇ ಕೇಂದ್ರದ್ದು, ಉಳಿದದ್ದೆಲ್ಲ ರಾಜ್ಯಗಳದ್ದು ಅಥವಾ ಜನರದ್ದು ಎಂದು 10ನೇ ತಿದ್ದುಪಡಿ ಹೇಳುತ್ತದೆ. ಕೊಟ್ಟದ್ದರ ಪಟ್ಟಿ ಒಂದನೇ ವಿಧಿಯ ಎಂಟನೇ ಸೆಕ್ಷನ್ನಿನಲ್ಲಿದೆ. ಒಟ್ಟು 18 ಕಲಂ: ತೆರಿಗೆ, ಸಾಲ, ವಿದೇಶ ಮತ್ತು ರಾಜ್ಯಗಳ ನಡುವಿನ ವಾಣಿಜ್ಯ, ಪೌರತ್ವ ಕೊಡುವ ನಿಯಮ, ನಾಣ್ಯ, ಅಂಚೆ, ಪೇಟೆಂಟ್, ಯುದ್ಧ ಘೋಷಣೆ, ಸೇನೆ ಇತ್ಯಾದಿ. ಕೊನೆಯ ಕಲಂ, ಈ ಕೆಲಸಗಳಿಗೆ ಅಗತ್ಯವಾದ ಮತ್ತು ಸೂಕ್ತವಾದ ಕಾನೂನುಗಳನ್ನು ಮಾಡಬಹುದು ಎನ್ನುತ್ತದೆ. ಶಾಲೆ, ಮದುವೆ, ಜಮೀನಿನ ವ್ಯವಹಾರ, ಚಾಲನಾ ಪರವಾನಗಿ, ಕೊಲೆ-ಕಳವಿನ ಕಾನೂನು ಇದರಲ್ಲಿಲ್ಲ. ಅದಕ್ಕೇ ಅವು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಕೇಂದ್ರ ಇಷ್ಟು ಬೆಳೆದದ್ದು ಆ ಕೊನೆಯ ಕಲಂ ಮತ್ತು ವಾಣಿಜ್ಯದ ಕಲಂ ಹಿಡಿದು. 1818ರಲ್ಲಿ ಮೇರಿಲ್ಯಾಂಡ್ ರಾಜ್ಯ ಬಾಲ್ಟಿಮೋರಿನಲ್ಲಿದ್ದ ಕೇಂದ್ರದ ಬ್ಯಾಂಕಿನ ಮೇಲೆ ತೆರಿಗೆ ಹಾಕಿತು. ಬ್ಯಾಂಕ್ ತೆರೆಯಬಹುದೆಂದು ಪಟ್ಟಿಯಲ್ಲಿ ಇಲ್ಲವಲ್ಲ ಎಂಬುದು ರಾಜ್ಯದ ವಾದ. ತೆರಿಗೆ ಸಂಗ್ರಹಿಸಲು, ಸಾಲ ಎತ್ತಲು ಬ್ಯಾಂಕ್ ಅನುಕೂಲವಾದ ಸಾಧನ. ಸಾಧನವನ್ನು ಆರಿಸಿಕೊಳ್ಳುವುದು ಕಾಂಗ್ರೆಸ್ಸಿಗೆ ಬಿಟ್ಟದ್ದು. ಕೇಂದ್ರದ ಸಂಸ್ಥೆಗೆ ರಾಜ್ಯ ತೆರಿಗೆ ಹಾಕಿ ಕೊಲ್ಲುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1819ರಲ್ಲಿ ತೀರ್ಪಿತ್ತರು.

ವಾಣಿಜ್ಯದ ಕಲಂ ಎಲ್ಲಿಯವರೆಗೆ ಚಾಚಿತು ಎಂಬುದಕ್ಕೆ ಒಹಾಯೊದ ಗೋಧಿ ಬೆಳೆಗಾರ ರಾಸ್ಕೋ ಫಿಲ್ಬರ್ನ್ ಅವರ ಲೆಕ್ಕವನ್ನೇ ನೋಡಬೇಕು. ಧಾರಣೆ ಕುಸಿಯದಂತೆ ಕಾಯಲು ಕೇಂದ್ರ ಪ್ರತಿ ರೈತನಿಗೂ ಬಿತ್ತನೆಯ ಮಿತಿ ಹಾಕಿತ್ತು. ಫಿಲ್ಬರ್ನ್ ಅವರ ಪಾಲಿಗೆ ಬಂದದ್ದು 11.1 ಎಕರೆ, ಅವರು ಬಿತ್ತಿದ್ದು 23 ಎಕರೆ. ಹೆಚ್ಚಿನ 11.9 ಎಕರೆಯಲ್ಲಿ 239 ಬುಷೆಲ್, ನಮ್ಮ ಲೆಕ್ಕದಲ್ಲಿ ಸುಮಾರು 65 ಕ್ವಿಂಟಲ್, ಗೋಧಿ ಬಂತು. ಬುಷೆಲ್ಲಿಗೆ 49 ಸೆಂಟಿನಂತೆ 117.11 ಡಾಲರ್ ದಂಡ ಬಿತ್ತು. ಇದು ನನ್ನ ದನಕ್ಕೆ, ಕೋಳಿಗೆ, ಮನೆಯ ಹಿಟ್ಟಿಗೆ, ಬೀಜಕ್ಕೆ. ಇದರಲ್ಲಿ ರಾಜ್ಯಗಳ ನಡುವಿನ ವಾಣಿಜ್ಯ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. 1942ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ನಿಂತಿತು. ಮನೆಯಲ್ಲೇ ಬೆಳೆದುಕೊಂಡವನು ಪೇಟೆಯಲ್ಲಿ ಕೊಳ್ಳುವುದಿಲ್ಲ. ದೇಶದ ಎಲ್ಲ ರೈತರೂ ಹಾಗೆಯೇ ಮಾಡಿದರೆ ಧಾರಣೆಯ ಮೇಲೆ ಪರಿಣಾಮ ಆಗಿಯೇ ಆಗುತ್ತದೆ ಎಂದಿತು. ಈ ‘ಎಲ್ಲವನ್ನೂ ಕೂಡಿಸಿ ನೋಡು’ ಎಂಬ ತರ್ಕ ಒಮ್ಮೆ ಒಪ್ಪಿತವಾದ ಮೇಲೆ ಕೇಂದ್ರದ ಕೈಗೆ ಸಿಗದ ಆರ್ಥಿಕ ಚಟುವಟಿಕೆ ಉಳಿಯಲೇ ಇಲ್ಲ.

ಗಡಿ ಕಾಣಿಸಿದ್ದು 1995ರಲ್ಲಿ. ಶಾಲೆಯ ಹತ್ತಿರ ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಅಪರಾಧ ಮಾಡಿದ್ದ ಕಾನೂನನ್ನು ಕೋರ್ಟು ರದ್ದುಪಡಿಸಿತು. ಬಂದೂಕು ಹಿಡಿದು ನಿಲ್ಲುವುದು ಆರ್ಥಿಕ ಚಟುವಟಿಕೆಯೇ ಅಲ್ಲ ಎಂಬುದು ಕಾರಣ. 2012ರಲ್ಲಿ ಒಬಾಮಾ ಅವರ ಆರೋಗ್ಯ ವಿಮೆ ಕಾನೂನು ಬಂದಾಗಲೂ ಇದೇ ಪ್ರಶ್ನೆ: ವಿಮೆ ಕೊಳ್ಳಲೇಬೇಕು ಎಂದು ಕಾಂಗ್ರೆಸ್ ಆಜ್ಞೆ ಮಾಡಬಹುದೇ? ವಾಣಿಜ್ಯದ ಕಲಂ ಅಡಿ ಆಗದು, ಆದರೆ ಕೊಳ್ಳದವರ ಮೇಲೆ ಹಾಕಿದ ದಂಡವನ್ನು ತೆರಿಗೆ ಎಂದು ಓದಬಹುದು ಎಂಬ ಕಾರಣಕ್ಕೆ ಕಾನೂನು ಉಳಿಯಿತು. ಅಧಿಕಾರದ ಮೂಲ ಯಾವ ಕಲಂ ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕಾನೂನಿನಿಂದ ಆಗದ್ದನ್ನು ಕೇಂದ್ರ ದುಡ್ಡಿನಿಂದ ಮಾಡಿಸುತ್ತದೆ. ಅಮೆರಿಕದಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಆದರೆ ವ್ಯಕ್ತಿಗಳಿಗೆ ಹಾಗೆಂದು ಆಜ್ಞಾಪಿಸುವ ಫೆಡರಲ್ ಕಾನೂನಿಲ್ಲ. ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಒಂದು ಪಾಲು ಕಡಿತ ಎಂದು 1984ರಲ್ಲಿ ಕಾಂಗ್ರೆಸ್ ಹೇಳಿತು. ಸೌತ್ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಕಡಿತ ಶೇ 5ರಷ್ಟೇ, ಬೇಡವೆನ್ನುವ ಆಯ್ಕೆ ರಾಜ್ಯಕ್ಕೆ ಇದ್ದೇ ಇದೆ ಎಂಬುದು ತೀರ್ಪಿನ ಸಾರ.

ಹೀಗೆ ದುಡ್ಡು ತೋರಿಸಬಹುದು, ಆದರೆ ರಾಜ್ಯದ ಅಧಿಕಾರಿಗಳಿಗೆ ಕೇಂದ್ರ ನೇರವಾಗಿ ಅಪ್ಪಣೆ ಕೊಡುವಂತಿಲ್ಲ. 1997ರಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯ ಕೆಲಸವನ್ನು ಸ್ಥಳೀಯ ಪೊಲೀಸ್ ಅಧಿಕಾರಿಗಳ ತಲೆಗೆ ಕಟ್ಟಿದ್ದ ಫೆಡರಲ್ ನಿಯಮ ಇದೇ ಕಾರಣಕ್ಕೆ ಬಿತ್ತು. ವಲಸಿಗರನ್ನು ಹಿಡಿದುಕೊಡಲು ಕೆಲವು ನಗರಗಳು ಸಹಕರಿಸದೆ ಇರಲು ಸಾಧ್ಯವಾಗುವುದೂ, ಗಾಂಜಾ ವಿಚಾರದ ಗೋಜಲೂ ಇಲ್ಲಿಂದಲೇ. ಗಾಂಜಾವನ್ನು ನಿಷೇಧಿಸುವ ಅಧಿಕಾರ ಕೇಂದ್ರಕ್ಕಿದೆ. 2005ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಬರ್ನ್ ತೀರ್ಪನ್ನೇ ಆಧರಿಸಿ ಹಾಗೆ ಹೇಳಿತು. ಆದರೆ ನೀವೂ ನಿಷೇಧಿಸಿ, ನಿಮ್ಮ ಪೊಲೀಸರಿಂದ ಹಿಡಿಸಿ ಎಂದು ಅದು ರಾಜ್ಯಕ್ಕೆ ಹೇಳಲಾಗದು. ಅಲ್ಲಿ ವೀಸಾದ ಮೇಲಿರುವ ನಮ್ಮವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ರಾಜ್ಯದಲ್ಲಿ ಸಕ್ರಮವಾದರೂ ವಲಸೆ ಅಧಿಕಾರಿಗಳು ನೋಡುವುದು ಫೆಡರಲ್ ಕಾನೂನನ್ನೇ. ಅಂಗಡಿಯಲ್ಲಿ ರಸೀದಿ ಪಡೆದು ಕೊಂಡ ಗಾಂಜಾ ಕೂಡ ಗ್ರೀನ್ ಕಾರ್ಡಿಗೆ (ಕಾಯಂ ವಾಸದ ಪರವಾನಗಿಗೆ), ಪೌರತ್ವಕ್ಕೆ ಅಡ್ಡಬರಬಹುದು.

ಎರಡನೇ ಪ್ರಶ್ನೆ: ಮಾಡಬೇಕಾದವರು ಯಾರು?

ಮಸೂದೆ ಕಾನೂನಾಗುವ ದಾರಿ ಸಂವಿಧಾನದಲ್ಲಿ ಬಿಗಿಯಾಗಿದೆ. ಎರಡೂ ಸದನಗಳು ಒಂದೇ ಪಠ್ಯವನ್ನು ಒಪ್ಪಬೇಕು. ಅಧ್ಯಕ್ಷರಿಗೆ ಭಾನುವಾರ ಬಿಟ್ಟು 10 ದಿನ. ಸಹಿ ಹಾಕಿದರೆ ಕಾನೂನು. ಸುಮ್ಮನಿದ್ದರೂ ಕಾನೂನು, ಅಷ್ಟರಲ್ಲಿ ಅಧಿವೇಶನ ಮುಗಿದುಹೋಗಿರದಿದ್ದರೆ. ವಿಟೋ ಮಾಡಿ ಹಿಂದಿರುಗಿಸಿದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಸೆನೆಟ್‌ನಲ್ಲಿ 60 ಮತ ಬೇಕು ಎಂದು ಸುದ್ದಿಯಲ್ಲಿ ಕೇಳುತ್ತೇವಲ್ಲ, ಅದು ಸಂವಿಧಾನದಲ್ಲಿಲ್ಲ. ಚರ್ಚೆ ನಿಲ್ಲಿಸಲು ಸೆನೆಟ್ ತಾನೇ ಮಾಡಿಕೊಂಡ ನಿಯಮ ಅದು. ಸೆನೆಟ್ ಮನಸ್ಸು ಮಾಡಿದರೆ ಬದಲಿಸಬಹುದು.

ಈ ದಾರಿ ಎಷ್ಟು ಬಿಗಿ ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟವರು ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿ. ಜಗದೀಶ್ ರಾಯ್ ಛಡ್ಡಾ ಹುಟ್ಟಿದ್ದು ಕೀನ್ಯಾದಲ್ಲಿ, ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. 1966ರಲ್ಲಿ ಓದಲು ಅಮೆರಿಕಕ್ಕೆ ಹೋದರು. 1972ರಲ್ಲಿ ವೀಸಾ ಮುಗಿಯಿತು. ಗಡೀಪಾರಾದರೆ ಕಷ್ಟಕ್ಕೆ ಸಿಲುಕುತ್ತಾರೆ ಎಂದು ಮನಗಂಡ ವಲಸೆ ನ್ಯಾಯಾಧೀಶರು 1974ರಲ್ಲಿ ಗಡೀಪಾರನ್ನು ಅಮಾನತಿನಲ್ಲಿಟ್ಟರು. ಆದರೆ ಇಂಥ ತೀರ್ಮಾನವನ್ನು ಎರಡರಲ್ಲಿ ಯಾವ ಸದನ ಬೇಕಾದರೂ ಒಂದು ನಿರ್ಣಯದಿಂದ ಅಳಿಸಬಹುದೆಂದು ಆಗಿನ ಕಾನೂನಿನಲ್ಲಿತ್ತು. 1975ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆ 340 ಪ್ರಕರಣಗಳಲ್ಲಿ 6 ಜನರ ಹೆಸರು ತೆಗೆದು, ಇವರಿಗೆ ಬೇಡ ಎಂದು ನಿರ್ಣಯ ಮಾಡಿತು. ಛಡ್ಡಾ ಆ ಆರರಲ್ಲಿ ಒಬ್ಬರು. ಸೆನೆಟ್ ಮತ ಹಾಕಲಿಲ್ಲ, ಅಧ್ಯಕ್ಷರ ಮುಂದೆ ಹೋಗಲೂ ಇಲ್ಲ. ಒಬ್ಬ ವ್ಯಕ್ತಿಯ ಕಾನೂನುಬದ್ಧ ಸ್ಥಿತಿಯನ್ನು ಬದಲಿಸುವುದೆಂದರೆ ಶಾಸನ ಮಾಡಿದ ಹಾಗೆಯೇ. ಶಾಸನವಾಗಬೇಕಾದರೆ ಎರಡೂ ಸದನಗಳು ಒಪ್ಪಬೇಕು, ಅಧ್ಯಕ್ಷರ ಮುಂದೆಯೂ ಹೋಗಬೇಕು ಎಂದು 1983ರ ಜೂನ್ 23ರಂದು ಸುಪ್ರೀಂ ಕೋರ್ಟ್ 7–2ರ ತೀರ್ಪು ಕೊಟ್ಟಿತು. ಒಂದೇ ಏಟಿಗೆ ಸುಮಾರು 200 ಕಾನೂನುಗಳಲ್ಲಿದ್ದ ಇಂಥ ಅವಕಾಶಗಳು ಬಿದ್ದುಹೋದವು.

ಅಧ್ಯಕ್ಷರ ಆದೇಶಗಳನ್ನು ಅಳೆಯುವ ಅಳತೆಗೋಲು 1952ರದು. ಕೊರಿಯಾ ಯುದ್ಧದ ನಡುವೆ ಉಕ್ಕು ಕಾರ್ಮಿಕರ ಮುಷ್ಕರ ಎದುರಾದಾಗ ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್ 2ರಂದು ಕೋರ್ಟ್ 6–3ರಿಂದ ಆದೇಶವನ್ನು ರದ್ದು ಮಾಡಿತು. ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ ಆಗ ಬರೆದ ಪ್ರತ್ಯೇಕ ಸಹಮತದ ತೀರ್ಪು ಬಹುಮತದ ತೀರ್ಪಿಗಿಂತ ಹೆಚ್ಚು ಬಾಳಿತು. ಕಾಂಗ್ರೆಸ್ ಅಧಿಕಾರ ಕೊಟ್ಟಿರುವಲ್ಲಿ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಏನೂ ಹೇಳದಿರುವಲ್ಲಿ ಮಬ್ಬು. ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧವಾಗಿ ಹೊರಟಲ್ಲಿ ಬಲ ಅತಿ ಕಡಿಮೆ. ಟ್ರೂಮನ್ ಬಿದ್ದದ್ದು ಮೂರನೆಯದರಲ್ಲಿ, ಏಕೆಂದರೆ ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರ ಕೊಡಬೇಕೇ ಎಂದು ಕಾಂಗ್ರೆಸ್ 1947ರಲ್ಲೇ ಚರ್ಚಿಸಿ ಬೇಡವೆಂದು ಬಿಟ್ಟಿತ್ತು. ಯಾವುದೇ ಅಧ್ಯಕ್ಷರ ಹೊಸ ಆದೇಶದ ಸುದ್ದಿ ಬಂದಾಗ ಕೇಳಬೇಕಾದ ಮೊದಲ ಮಾತು ಇದೇ: ಇದಕ್ಕೆ ಕಾಂಗ್ರೆಸ್ ಏನು ಹೇಳಿದೆ?

ಖಜಾನೆಯ ಕೀಲಿಯೂ ಕಾಂಗ್ರೆಸ್ಸಿನ ಕೈಯಲ್ಲೇ. ಕಾನೂನಿನ ಮೂಲಕ ಮಂಜೂರಾಗದೆ ಖಜಾನೆಯಿಂದ ಒಂದು ಕಾಸೂ ಹೊರಬರುವಂತಿಲ್ಲ ಎಂಬುದು ಸಂವಿಧಾನದ್ದೇ ಮಾತು. ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ 12 ಅನುದಾನ ಮಸೂದೆಗಳು ಅಥವಾ ತಾತ್ಕಾಲಿಕ ಮಂಜೂರಾತಿ ಪಾಸಾಗದಿದ್ದರೆ ಇಲಾಖೆಗಳು ಮುಚ್ಚುತ್ತವೆ. 2018–19ರಲ್ಲಿ 35 ದಿನ, 2025ರಲ್ಲಿ 43 ದಿನ ಹೀಗಾಯಿತು. ನಮ್ಮಲ್ಲಿ ಲೋಕಸಭೆಯಲ್ಲಿ ಹಣಕಾಸು ಮಸೂದೆ ಬಿದ್ದರೆ ಸರ್ಕಾರವೇ ಬಿದ್ದಂತೆ. ಅಲ್ಲಿ ಅಧ್ಯಕ್ಷರದು ನಿಗದಿತ ನಾಲ್ಕು ವರ್ಷ, ಕಾಂಗ್ರೆಸ್ಸಿನದು ಬೇರೆಯೇ ಅವಧಿ. ಜಗಳ ಬಗೆಹರಿಸಲು ಚುನಾವಣೆಗೆ ಹೋಗುವ ದಾರಿಯಿಲ್ಲ, ಹಾಗಾಗಿ ಹಟ ಬೆಳೆಯುತ್ತದೆ. ಬೆಂಗಳೂರಿಗೂ ಇದರ ಬಿಸಿ ತಟ್ಟುತ್ತದೆ. ವಲಸೆ ಅರ್ಜಿ ನೋಡುವ ಇಲಾಖೆ ಬಹುತೇಕ ಅರ್ಜಿಶುಲ್ಕದಿಂದಲೇ ನಡೆಯುವುದರಿಂದ ತೆರೆದಿರುತ್ತದೆ. ಆದರೆ ಎಚ್‌-1ಬಿ ಉದ್ಯೋಗ ವೀಸಾದ ಅರ್ಜಿಗೆ ಮೊದಲು ಬೇಕಾದ ವೇತನ ದೃಢೀಕರಣ ಕೊಡುವ ಕಾರ್ಮಿಕ ಇಲಾಖೆ ಅನುದಾನದ ಮೇಲೆ ನಿಂತಿದೆ. 2013ರಲ್ಲಿ ಹೀಗೆ ಬಾಗಿಲು ಹಾಕಿದಾಗ ಆ ಕೆಲಸ ನಿಂತು, ಹೊಸ ಅರ್ಜಿಗಳು ಅಲ್ಲೇ ಸಿಕ್ಕಿಬಿದ್ದವು.

ಕೋರ್ಟಿಗೆ ಈ ಪಾತ್ರ ಹೇಗೆ ಸಿಕ್ಕಿತು ಎಂಬುದು 1803ರ ಮಾರ್ಬರಿ ಪ್ರಕರಣದಲ್ಲಿದೆ. ಅಧಿಕಾರ ಬಿಡುವ ಮುನ್ನಾದಿನಗಳಲ್ಲಿ ಅಧ್ಯಕ್ಷ ಆಡಮ್ಸ್ ತಮ್ಮವರನ್ನು ಶಾಂತಿಪಾಲಕ ನ್ಯಾಯಾಧೀಶರನ್ನಾಗಿ ನೇಮಿಸಿದರು. ವಿಲಿಯಂ ಮಾರ್ಬರಿಯ ನೇಮಕಪತ್ರಕ್ಕೆ ಸಹಿ, ಮುದ್ರೆ ಎರಡೂ ಬಿದ್ದಿದ್ದವು; ತಲುಪಿಸುವುದು ಮಾತ್ರ ಉಳಿದುಹೋಯಿತು. ತಲುಪಿಸಬೇಕಿದ್ದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಆಗಷ್ಟೇ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ಮಾರ್ಷಲ್ ಅವರೇ. ಹೊಸ ಅಧ್ಯಕ್ಷ ಜೆಫರ್ಸನ್ ಕೊಡಬೇಡಿ ಎಂದರು. ಮಾರ್ಬರಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿ, ಅಧಿಕಾರಿಗೆ ನಿನ್ನ ಕರ್ತವ್ಯ ಮಾಡು ಎಂದು ಆಜ್ಞಾಪಿಸುವ ಮ್ಯಾಂಡಮಸ್ ರಿಟ್ ಕೇಳಿದರು. ಕೊಡಿ ಎಂದರೆ ಜೆಫರ್ಸನ್ ಪಾಲಿಸುವುದಿಲ್ಲ, ಕೋರ್ಟಿನ ಮಾನ ಹೋಗುತ್ತದೆ. ಬೇಡ ಎಂದರೆ ಹೆದರಿದಂತಾಗುತ್ತದೆ. ಮಾರ್ಷಲ್ ಹೀಗೆ ಬರೆದರು: ಮಾರ್ಬರಿಗೆ ಹಕ್ಕಿದೆ, ಹಕ್ಕಿಗೆ ಪರಿಹಾರವೂ ಇರಬೇಕು. ಆದರೆ ನೇರವಾಗಿ ಇಲ್ಲಿಗೆ ಬರಬಹುದೆಂದು 1789ರ ಕಾನೂನಿನ 13ನೇ ಸೆಕ್ಷನ್ ಹೇಳುವುದು ಸಂವಿಧಾನ ಕೊಟ್ಟ ವ್ಯಾಪ್ತಿಯನ್ನು ಮೀರಿದ್ದು. ಸಂವಿಧಾನಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲ, ಯಾವುದು ಕಾನೂನು ಎಂದು ಹೇಳುವುದು ಕೋರ್ಟಿನ ಕೆಲಸ. ಜೆಫರ್ಸನ್ ಗೆದ್ದರು, ಆದ್ದರಿಂದ ಪ್ರತಿಭಟಿಸಲು ಏನೂ ಉಳಿಯಲಿಲ್ಲ. ಕೋರ್ಟಿಗೆ ಮಾತ್ರ ಶಾಶ್ವತವಾದ ಅಧಿಕಾರ ದಕ್ಕಿತು.

ಈ ಅಧಿಕಾರಕ್ಕೆ ಒಂದು ಕಟ್ಟುಪಾಡಿದೆ. ನಮ್ಮಲ್ಲಿಯಂತೆ ಯಾರು ಬೇಕಾದರೂ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವಂತಿಲ್ಲ. ಅರ್ಜಿದಾರನಿಗೆ ನಿಜವಾದ ಹಾನಿ ಆಗಿರಬೇಕು, ಹಾನಿ ಪ್ರಶ್ನಿಸಿದ ಕ್ರಮದಿಂದಲೇ ಆಗಿರಬೇಕು, ಕೋರ್ಟಿನ ಆದೇಶದಿಂದ ಅದು ನಿವಾರಣೆಯಾಗುವಂತಿರಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಅರ್ಜಿ ವಜಾ. ರಾಷ್ಟ್ರಪತಿ ಸಲಹೆ ಕೇಳುವ ನಮ್ಮ 143ನೇ ವಿಧಿಯಂಥದ್ದೂ ಅಲ್ಲಿಲ್ಲ. 1793ರಲ್ಲಿ ವಾಷಿಂಗ್ಟನ್ ಸಲಹೆ ಕೇಳಿದಾಗ ಕೋರ್ಟ್ ಕೊಡಲೊಪ್ಪಲಿಲ್ಲ.

ಮೂರನೇ ಪ್ರಶ್ನೆ: ಹಕ್ಕು ಮುರಿಯಿತೇ?

ಮೊದಲ ಹತ್ತು ತಿದ್ದುಪಡಿಗಳು 1791ರ ಡಿಸೆಂಬರ್ 15ಕ್ಕೆ ಜಾರಿಯಾದವು. ವಾಕ್‌ಸ್ವಾತಂತ್ರ್ಯ, ಧರ್ಮ, ಶೋಧನೆ-ಜಪ್ತಿಯ ಮಿತಿ, ಜ್ಯೂರಿ ವಿಚಾರಣೆ ಎಲ್ಲ ಅವುಗಳಲ್ಲಿವೆ. ಹಲವರಿಗೆ ಗೊತ್ತಿರದ ಸಂಗತಿಯೆಂದರೆ ಅವು ಆಗ ಕಟ್ಟಿಹಾಕಿದ್ದು ಕೇಂದ್ರವನ್ನಷ್ಟೇ. 1833ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಾಯಿಬಿಟ್ಟೇ ಹೇಳಿತು. ರಾಜ್ಯಗಳಿಗೂ ಅನ್ವಯವಾಗುವ ಬಾಗಿಲು ತೆರೆದದ್ದು 14ನೇ ತಿದ್ದುಪಡಿ. ಅದೂ ಒಮ್ಮೆಗೇ ಅಲ್ಲ, ಒಂದೊಂದು ಹಕ್ಕು ಒಂದೊಂದು ಮೊಕದ್ದಮೆಯಲ್ಲಿ. ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂಬುದು ರಾಜ್ಯಗಳ ಕೋರ್ಟುಗಳಿಗೆ ಕಡ್ಡಾಯವಾದದ್ದು 1963ರಲ್ಲಿ. ಫ್ಲೋರಿಡಾದ ಜೈಲಿನಿಂದ ಕ್ಲಾರೆನ್ಸ್ ಗಿಡಿಯನ್ ಪೆನ್ಸಿಲಿನಲ್ಲಿ ಬರೆದು ಕಳಿಸಿದ ಅರ್ಜಿಯಿಂದ ಆ ತೀರ್ಪು ಬಂತು. ವಕೀಲರಿದ್ದ ಮರುವಿಚಾರಣೆಯಲ್ಲಿ ಅವರು ನಿರ್ದೋಷಿ ಎಂದು ಬಿಡುಗಡೆಯಾದರು. ಇನ್ನೊಂದು ಮಿತಿ: ಈ ಹಕ್ಕುಗಳೆಲ್ಲ ಸರ್ಕಾರದ ವಿರುದ್ಧ. ಖಾಸಗಿ ಕಂಪನಿ ನಿಮ್ಮ ಪೋಸ್ಟ್ ಅಳಿಸಿದರೆ ಒಂದನೇ ತಿದ್ದುಪಡಿ ನೆರವಿಗೆ ಬಾರದು.

ಹಕ್ಕುಗಳ ಭಾಗದಲ್ಲಿ ಕರಾವಳಿಯ ಒಬ್ಬರ ಹೆಸರು ಬರಲೇಬೇಕು. ಕಾನೂನಿನ ಸಮುಚಿತ ಪ್ರಕ್ರಿಯೆಯಿಲ್ಲದೆ ಜೀವ, ಸ್ವಾತಂತ್ರ್ಯ, ಆಸ್ತಿ ಕಸಿಯುವಂತಿಲ್ಲ ಎಂಬ ಅಮೆರಿಕದ ಮಾತನ್ನು ಅಲ್ಲಿನ ಕೋರ್ಟುಗಳು 20ನೇ ಶತಮಾನದ ಆರಂಭದಲ್ಲಿ ವಿಪರೀತ ಹಿಗ್ಗಿಸಿದ್ದವು. ಬೇಕರಿ ಕೆಲಸಗಾರರಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕಿನ ಕಾನೂನನ್ನು 1905ರಲ್ಲಿ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಭಂಗ ಎಂದು 5–4ರಿಂದ ಹೊಡೆದುಹಾಕಿದ್ದವು. ಈ ಧೋರಣೆ ಮುರಿಯಲು 1937ರವರೆಗೆ ಕಾಯಬೇಕಾಯಿತು. ಭಾರತದ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋದಾಗ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಚುನಾಯಿತ ಶಾಸಕಾಂಗ ಮಾಡಿದ್ದನ್ನು ಬೆರಳೆಣಿಕೆಯ ನ್ಯಾಯಾಧೀಶರು ಅಳಿಸುವ ಅವಕಾಶ ಕೊಡಬೇಡಿ ಎಂಬ ಧಾಟಿಯ ಸಲಹೆ ಅವರಿಂದ ಸಿಕ್ಕಿತು. ನಮ್ಮ 21ನೇ ವಿಧಿಯಲ್ಲಿ ‘ಕಾನೂನು ಸ್ಥಾಪಿಸಿದ ಪ್ರಕ್ರಿಯೆ’ ಎಂಬ ಇಕ್ಕಟ್ಟಾದ ಮಾತು ಬಂದದ್ದರ ಹಿಂದೆ ಈ ಸಲಹೆಯಿದೆ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಪ್ರಕ್ರಿಯೆ ನ್ಯಾಯಯುತವಾಗಿಯೂ ಇರಬೇಕೆಂದು ಹೇಳಿ, ಬಿಟ್ಟದ್ದನ್ನು ಬಹುಮಟ್ಟಿಗೆ ಮರಳಿ ತಂದಿತು.

ಮೂರೂ ಪ್ರಶ್ನೆ ಒಂದೇ ಆದೇಶಕ್ಕೆ

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವೊಂದು, ತಾಯಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದ ಮೇಲಿದ್ದು ತಂದೆ ಪ್ರಜೆಯೂ ಗ್ರೀನ್ ಕಾರ್ಡುದಾರನೂ ಅಲ್ಲದಿದ್ದರೆ, ಅಲ್ಲಿ ಹುಟ್ಟಿದ ಮಗುವಿಗೆ ಪೌರತ್ವವಿಲ್ಲ ಎಂದಿತು. ಎಚ್‌-1ಬಿ ಮೇಲಿರುವ ಕನ್ನಡಿಗ ದಂಪತಿಗಳೂ ಇದರೊಳಗೆ ಬರುತ್ತಾರೆ.

ಮೊದಲ ಪ್ರಶ್ನೆಗೆ ಇಲ್ಲಿ ಹೆಚ್ಚು ಜಗಳವಿಲ್ಲ. ಪೌರತ್ವ ಕೇಂದ್ರದ ವಿಷಯವೇ. ಎರಡನೆಯದರಲ್ಲಿ ತೊಡಕು ಶುರು. ಹುಟ್ಟಿನಿಂದ ಬರುವ ಪೌರತ್ವವನ್ನು ಕಾಂಗ್ರೆಸ್ 1940ರಲ್ಲೂ 1952ರಲ್ಲೂ 14ನೇ ತಿದ್ದುಪಡಿಯ ಮಾತುಗಳಲ್ಲೇ ಕಾನೂನು ಮಾಡಿದೆ. ಆ ಮಾತುಗಳಿಗೆ ಎಲ್ಲರೂ ಆಗ ಒಪ್ಪಿದ್ದ ಅರ್ಥವೇ ಇದ್ದರೆ, ಆದೇಶ ಜ್ಯಾಕ್ಸನ್ ಹೇಳಿದ ಮೂರನೇ ಜಾಗಕ್ಕೆ ಬೀಳುತ್ತದೆ. ಮೂರನೆಯದು ತಿದ್ದುಪಡಿಯದೇ ಪಠ್ಯ: ಅಮೆರಿಕದಲ್ಲಿ ಹುಟ್ಟಿದ, ಅದರ ಕಾನೂನಿನ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪ್ರಜೆಗಳು. 1873ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಬಂದರಿನಲ್ಲೇ ತಡೆದರು. 1898ರಲ್ಲಿ ಸುಪ್ರೀಂ ಕೋರ್ಟ್ 6–2ರಿಂದ ಅವರು ಹುಟ್ಟಿನಿಂದಲೇ ಪ್ರಜೆ ಎಂದಿತು. ರಾಜತಾಂತ್ರಿಕರ ಮಕ್ಕಳಂಥ ಕೆಲವೇ ವಿನಾಯಿತಿಗಳನ್ನು ಗುರುತಿಸಿತು. ವಾಂಗ್ ಅವರ ತಂದೆತಾಯಿ ಅಲ್ಲಿ ನೆಲೆಸಿದ್ದರು, ತಾತ್ಕಾಲಿಕವಾಗಿ ಬಂದವರಲ್ಲ ಎಂಬುದು ಆದೇಶದ ಪರವಾಗಿರುವವರ ವಾದ. ತೀರ್ಪಿನ ತರ್ಕ ನೆಲದಲ್ಲಿ ಹುಟ್ಟಿದ್ದರ ಮೇಲೆ ನಿಂತಿದೆ, ತಂದೆತಾಯಿಯ ನೆಲೆಯ ಮೇಲಲ್ಲ ಎಂಬುದು ವಿರೋಧಿಸುವವರದು. ತೀರ್ಪನ್ನು ಮೊದಲಿಂದ ಕೊನೆಯವರೆಗೆ ಓದಿದರೆ ಎರಡನೆಯ ವಾದವೇ ಗಟ್ಟಿ.

ಕೆಳಗಿನ ಕೋರ್ಟುಗಳು ಆದೇಶವನ್ನು ದೇಶದಾದ್ಯಂತ ತಡೆದವು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಿಂದ, ಮೊಕದ್ದಮೆ ಹೂಡದವರಿಗೂ ಅನ್ವಯಿಸುವಂತೆ ಹೀಗೆ ಸಾರ್ವತ್ರಿಕ ತಡೆ ಕೊಡುವ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗೆ ಬಹುಶಃ ಇಲ್ಲ ಎಂದಿತು. ಆ ತೀರ್ಪು ಪೌರತ್ವದ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಅಂದು ಬಂದ ಹಲವು ತಲೆಬರಹಗಳು ಇದನ್ನು ಗುರುತಿಸದೆ ಓದುಗರನ್ನು ಗಾಬರಿಪಡಿಸಿದವು. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರಿನ ನ್ಯಾಯಾಧೀಶರು ಬಾಧಿತರಾಗುವ ಎಲ್ಲ ಶಿಶುಗಳನ್ನೂ ಒಂದು ವರ್ಗವೆಂದು ಮಾನ್ಯ ಮಾಡಿ ಮತ್ತೆ ತಡೆ ಕೊಟ್ಟರು. ಹಕ್ಕು ಇದೆಯೇ ಎಂಬುದು ಒಂದು, ಪರಿಹಾರ ಯಾರಿಗೆ ಎಷ್ಟು ಎಂಬುದು ಇನ್ನೊಂದು. ಅಮೆರಿಕದ ತೀರ್ಪು ಓದುವಾಗ ಇವೆರಡನ್ನು ಬೇರೆ ಬೇರೆಯಾಗಿ ಹುಡುಕಬೇಕು.

ಪೌರತ್ವದಂಥ ವಿಷಯದಲ್ಲಿ ತೀರ್ಪು ಯಾವ ಪ್ರಶ್ನೆಯ ಮೇಲೆ ನಿಂತಿತು ಎಂಬುದರ ಬೆಲೆ ಭಾರತೀಯರಿಗೆ ಮೊದಲೇ ಗೊತ್ತು. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ 1923ರಲ್ಲಿ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು; ಬಿಳಿಯರಿಗೆ ಪೌರತ್ವ ಎಂದಿದ್ದ ಕಾನೂನಿನಲ್ಲಿ ಭಾರತೀಯರು ಬರುವುದಿಲ್ಲ ಎಂದಿತು. ಆ ತೀರ್ಪನ್ನು ಆಧರಿಸಿ ಆಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಆದರೆ ಅದು ಕಾಂಗ್ರೆಸ್ಸಿನ ಕಾನೂನನ್ನು ಅರ್ಥೈಸಿದ ತೀರ್ಪು, ಸಂವಿಧಾನವನ್ನಲ್ಲ. ಹಾಗಾಗಿ 1946ರಲ್ಲಿ ಕಾಂಗ್ರೆಸ್ ಒಂದು ಸಾಮಾನ್ಯ ಕಾನೂನಿನಿಂದ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು, ವರ್ಷಕ್ಕೆ 100 ಜನರ ವಲಸೆಗೆ ಅವಕಾಶ ಕೊಟ್ಟಿತು. ವಾಂಗ್ ಕಿಮ್ ಆರ್ಕ್ ತೀರ್ಪು ನಿಂತಿರುವುದು 14ನೇ ತಿದ್ದುಪಡಿಯ ಮೇಲೆ. ಅದನ್ನು ಕಾಂಗ್ರೆಸ್ ಕಾನೂನಿನಿಂದ ಮೀರಲಾಗದು. ಒಂದೋ ಕೋರ್ಟೇ ತನ್ನ ಮಾತನ್ನು ತಿದ್ದಿಕೊಳ್ಳಬೇಕು. ಇಲ್ಲವೇ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಗಳಿಸಿ, 50ರಲ್ಲಿ 38 ರಾಜ್ಯಗಳು ಒಪ್ಪಿದ ಹೊಸ ತಿದ್ದುಪಡಿ ಬರಬೇಕು. 13 ರಾಜ್ಯಗಳು ಸುಮ್ಮನೆ ಕೂತರೂ ಅದು ಆಗುವುದಿಲ್ಲ. ಕೊನೆಯದಾಗಿ ಸೇರಿದ 27ನೇ ತಿದ್ದುಪಡಿ, ಸಂಸದರ ಸಂಬಳದ ಬಗೆಗಿನದು, 1789ರಲ್ಲಿ ರಾಜ್ಯಗಳ ಮುಂದೆ ಬಂದದ್ದು, ಅಂಗೀಕಾರವಾದದ್ದು 1992ರಲ್ಲಿ.